ಬೂಟು ಹಾಕಿಕೊಂಡು ಕೂತವನು

ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಬೆನ್ನು ಮಾಡಿ ದೇವಪ್ಪನ ಟೂರಿಂಗ್ ಟಾಕೀಸಿನ ತಂಬು ನಿಂತಿತ್ತು. ಹಿಂದಿ ಪಿಕ್ಚರು ಬಂತೆಂದರೆ ಜನ ಮೊದಲು ಕೇಳುತ್ತಿದ್ದದ್ದು ನಾಯಕ ಯಾರು, ನಾಯಕಿ ಯಾರು ಎಂದಲ್ಲ, ನರಸಿಂಹ ಮಾಸ್ತರ ಊರಾಗ ಅದಾರೋ ಇಲ್ಲೋ ಎಂದು. ಪರದೆಯ ಮೇಲಿನವರು ಆಡುವ ಮಾತು ನೇಕಾರ ಓಣಿಯವರಿಗೂ ತಿಳಿಯುತ್ತಿರಲಿಲ್ಲ, ಮುಶಿಗೇರಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರಿಗೂ ತಿಳಿಯುತ್ತಿರಲಿಲ್ಲ. ಹಗಲು ಕನ್ನಡ ಸಾಲೆಯಲ್ಲಿ ಮಗ್ಗಿ ಹೇಳಿಸುವ ನರಸಿಂಹ, ಸಂಜೆಗೆ ಪರದೆಯ ಬಲಕ್ಕೆ ಒಂದು ಖಾಲಿ ಸೋಡಾ ಪೆಟ್ಟಿಗೆಯ ಮೇಲೆ ಹತ್ತಿ, ತಗಡಿನ ಭೋಂಗಾ ಬಾಯಿಗಿಟ್ಟುಕೊಂಡು ಇಡೀ ಪಿಕ್ಚರನ್ನು ಕನ್ನಡದಲ್ಲಿ ಆಡಿ ತೋರಿಸುತ್ತಿದ್ದ. ನಾಯಕನ ಗಡಸು ದನಿ ಅವನದೇ, ನಾಯಕಿಯ ಬಿಕ್ಕು ಅವನದೇ, ಸಾಹುಕಾರನ ಕೆಮ್ಮು, ಸಾಹುಕಾರನ ನಾಯಿ, ಎರಡೂ ಅವನವೇ. ಧಾರವಾಡದ ಕಾಲೇಜಿನಲ್ಲಿ ಬಿ.ಎ. ಓದುವಾಗ ಪ್ರೊಫೆಸರರ ದನಿ ತೆಗೆದು ಸಿಕ್ಕಿಬಿದ್ದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿತ್ತು.

ಅವನ ಹೇಳಿಕೆಗೆ ಒಂದು ಪದ್ಧತಿ ಇತ್ತು. ಮುಂಬಯಿ ಎಂದರೆ ಹುಬ್ಬಳ್ಳಿ, ಸಮುದ್ರ ಎಂದರೆ ಊರ ಕೆರೆ, ವಿಲಾಯತಿಗೆ ಹೋಗುವ ಹಡಗು ಎಂದರೆ ರೋಣದ ಬಸ್ಸು. ಹೊಸದರಲ್ಲಿ ಒಮ್ಮೆ ಹಡಗನ್ನು ಹಡಗೆಂದೇ ಹೇಳಿದ್ದಕ್ಕೆ ಮುಶಿಗೇರಿಯ ಗೋಣೆಪ್ಪ ನೆಲದ ಮೇಲಿಂದ ಎದ್ದು, "ಅದು ಯಾವ ಸ್ಟ್ಯಾಂಡಿನ್ಯಾಗ ನಿಲ್ಲತೈತ್ರಿ ಮಾಸ್ತರ?" ಎಂದು ಕೇಳಿದ್ದ. ಅಂದಿನಿಂದ ದೇವಪ್ಪನ ತಂಬಿನಲ್ಲಿ ಯಾವ ನಾಯಕನೂ ಜಿಲ್ಲೆ ದಾಟಿ ಹೋದದ್ದಿಲ್ಲ.

ಐವತ್ತೈದನೇ ಇಸವಿಯ ಆ ಮಾಗಿಯ ಐತವಾರ ಮಾತ್ರ ಮಾಸ್ತರನ ಗಂಟಲು ಬೆಳಗಿನಿಂದಲೇ ಒಣಗಿತ್ತು. ಮರುದಿನ ಮುಂಜಾನೆಯ ಬಸ್ಸಿಗೆ ಶಾರದಾಬಾಯಿ ಊರು ಬಿಡುವವಳಿದ್ದಳು.

ಶಾರದಾಬಾಯಿ ದವಾಖಾನೆಯ ನರ್ಸು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತವರಿನವರ ಒತ್ತಾಸೆಯಿಂದ ಹುಬ್ಬಳ್ಳಿಯಲ್ಲಿ ಕಲಿತು, ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದವಳು. ಯಾವಾಗಲೂ ಬಿಳಿ ಸೀರೆ. ಅದು ವಿಧವೆಯ ಬಿಳುಪೋ ನರ್ಸಿನ ಬಿಳುಪೋ ಊರಿಗೆ ಗೊತ್ತಾಗಲಿಲ್ಲ, ಆಕೆಯೂ ಹೇಳಲಿಲ್ಲ. ಈಗ ನರಗುಂದಕ್ಕೆ ವರ್ಗವಾಗಿತ್ತು. ನರಗುಂದದಲ್ಲಿ ಸತ್ತ ಗಂಡನ ಮನೆ ಇತ್ತು. ಅತ್ತೆ ವೆಂಕೂಬಾಯಿ ಸೊಸೆಗೆಂದು ಅಡಿಗೆ ಮನೆಯ ಮಗ್ಗುಲ ಕೋಣೆಯನ್ನು ಆಗಲೇ ಸಾರಿಸಿ ಇಟ್ಟಿದ್ದಳಂತೆ. ತಿಂಗಳ ಪಗಾರು ಮನೆಗೆ, ಸಂಜೆಯ ಭಜನೆ ದೇವರಿಗೆ, ಸಿನೇಮಾ ಗಿನೇಮಾ ಬಂದ್. ಒಮ್ಮೆ ಆ ತಲಬಾಗಿಲು ದಾಟಿ ಒಳಗೆ ಹೋದವಳನ್ನು ಹೊರಗಿನ ಗಂಡಸು ನಿಂತು ಮಾತಾಡಿಸುವುದಂತೂ ಆಗದ ಮಾತು. ಕೇಳುವುದಿದ್ದರೆ ನರಸಿಂಹ ಇವತ್ತೇ ಕೇಳಬೇಕು. ಕೇಳಬೇಕಾದದ್ದು ಒಂದೇ ಮಾತು, ನನ್ನ ಲಗ್ನ ಆಗ್ತೀರೇನು ಎಂದು. ಕೇಳಿದರೆ ಆಕೆ ಏನೆನ್ನುತ್ತಾಳೋ ಎಂಬುದು ಒಂದು ಹೆದರಿಕೆ. ಊರು ಏನೆನ್ನುತ್ತದೋ ಎಂಬುದು ಇನ್ನೊಂದು. ಅದರಲ್ಲೂ ಹೆಸರು ಕೆಡುವುದು ಅವನದಲ್ಲ, ಆಕೆಯದು. ತಂಬಿನ ತುಂಬ ಗುಡುಗುವವನಿಗೆ ಶಾರದಾಬಾಯಿ ಎದುರಾದಳೆಂದರೆ ಹೆಸರಿನೊಳಗಿನ ಸಿಂಹ ತಪ್ಪಿಸಿಕೊಂಡು ಹೋಗಿ ಬರೀ ನರ ಉಳಿಯುತ್ತಿತ್ತು, ಅದೂ ನಡುಗುವ ನರ.

ಅವರಿಬ್ಬರ ಪರಿಚಯವೆಂದರೆ ಐತವಾರಕ್ಕೊಂದು ಮಾತು. ತಂಬಿನ ನಡುವೆ ಗಂಡಸರ ಬಾಜೂ ಹೆಂಗಸರ ಬಾಜೂ ಬೇರೆ ಮಾಡಿ ಒಂದು ಜಮಖಾನ ಕಟ್ಟಿರುತ್ತಿದ್ದರು. ಆಕೆ ಅದರ ಆಚೆ ಮುಂದಿನ ಸಾಲಿನಲ್ಲಿ, ಸೀರೆ ನೇಯುವ ಚನ್ನವ್ವನ ಪಕ್ಕ ಕೂಡುತ್ತಿದ್ದಳು. ಪಿಕ್ಚರು ಮುಗಿದು ಹೊರಗೆ ಬರುವಾಗ ಸೋಡಾ ಪೆಟ್ಟಿಗೆಯ ಹತ್ತಿರ ಒಂದು ಗಳಿಗೆ ನಿಂತು ಏನಾದರೂ ಅನ್ನುತ್ತಿದ್ದಳು. "ಇವತ್ತ ನಿಮ್ಮ ನಾಯಕಿಗೆ ನೆಗಡಿ ಆಗಿತ್ತಲ್ರಿ, ನಾಳೆ ದವಾಖಾನಿಗೆ ಕಳಸ್ರಿ." ಅಥವಾ, "ಆ ಸಾಹುಕಾರನ ಕೆಮ್ಮು ಚಲೋ ಅಲ್ಲ ಮಾಸ್ತರ, ಕಫ ಒಳಗ ಇಳದದ." ಅದಕ್ಕೆ ಅವನು ಸಾಹುಕಾರನದೇ ದನಿಯಲ್ಲಿ "ಔಷಧ ಕೊಡ್ರಿ ಬಾಯಾರ" ಅನ್ನುತ್ತಿದ್ದ, ಆಕೆ ನಗುತ್ತಿದ್ದಳು, ಮುಂದಿನ ಐತವಾರದ ತನಕ ಅದರ ಮೇಲೆ ಅವನ ಜೀವನ. ಖಾನಾವಳಿಯಲ್ಲಿ ಉಂಡು ತನ್ನ ಒಂಟಿ ಕೋಣೆಗೆ ಬಂದು ಆ ನಗುವನ್ನೂ ಒಮ್ಮೆ ತೆಗೆಯಲು ನೋಡಿದ್ದ. ಬರಲಿಲ್ಲ.

ಒಂದು ಸಲ ಮಾತ್ರ ಆಕೆ ಚೇಷ್ಟೆಯ ಮಾತು ಆಡಿರಲಿಲ್ಲ. ಅದು ಎರಡು ವರ್ಷದ ಹಿಂದೆ, ಜನ ಸ್ಟೇಶನ್ ಪಿಕ್ಚರು ಎಂದು ಕರೆಯುವ ಆ ಹಳೇ ಚಿತ್ರ ಬಂದಾಗ. ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ. ಒಬ್ಬ ನಡುವಯಸ್ಸಿನ ಗುಮಾಸ್ತ, ಒಬ್ಬ ವಿಧವೆ ಮಾಸ್ತರಣಿ, ಇಬ್ಬರೂ ದಿನಾ ಒಂದೇ ಬೆಂಚಿನ ಎರಡು ತುದಿಗೆ ಕೂತು ಬೇರೆ ಬೇರೆ ಗಾಡಿಗೆ ಕಾಯುತ್ತಾರೆ. ದಿನ ಕಳೆದಂತೆ ಬೆಂಚಿನ ನಡುವಿನ ಜಾಗ ಕಡಿಮೆಯಾಗುತ್ತದೆ. ಕಡೇ ದಿನ ಆಕೆ ಊರು ಬಿಡುತ್ತಾಳೆ; ಅವನು ತನ್ನ ಕೋಣೆಯಲ್ಲಿ ಕೋಟು ತೊಟ್ಟು, ಬೂಟು ಹಾಕಿಕೊಂಡು, ಮಂಚದ ಮೇಲೆ ಕೂತೇ ಇರುತ್ತಾನೆ. ಗಾಡಿಯ ಸೀಟಿ ಕೇಳಿಸುತ್ತದೆ. ಅವನು ಏಳುವುದಿಲ್ಲ. ನರಸಿಂಹ ಅದನ್ನು ಹೇಳಿದ ಭರಕ್ಕೆ ಹೆಂಗಸರ ಬಾಜೂ ಸೆರಗು ತೊಯ್ದುಹೋಗಿತ್ತು. ಅವತ್ತು ಶಾರದಾಬಾಯಿ ಪೆಟ್ಟಿಗೆಯ ಹತ್ತಿರ ನಿಂತು, "ಬೂಟು ಹಾಕ್ಕೊಂಡು ತಯಾರಾಗಿದ್ದನಲ್ರಿ. ಏಳ್ಲಿಕ್ಕೆ ಏನಾಗಿತ್ತು ಅಂವಗ?" ಎಂದು ಕೇಳಿದ್ದಳು. ನರಸಿಂಹ, "ಬೂಟಿನ ದಾರ ಬಿಗಿಯಾಗಿತ್ತು ಕಾಣಸ್ತದ್ರಿ" ಅಂದಿದ್ದ. ಆಕೆ ನಗದೆ ಹೋಗಿದ್ದಳು.

ಈಗ ಬಂದದ್ದು ಹೊಸ ಪಿಕ್ಚರು. ರೋಣದಲ್ಲಿ ದೇವಪ್ಪನ ಭಾವನ ತಂಬು ಇತ್ತು, ಅಲ್ಲಿ ಓಡಿದ ಮೇಲೆ ಅದೇ ರೀಲಿನ ಡಬ್ಬಿಗಳು ಬಸ್ಸಿನ ಟಪ್ಪಿನ ಮೇಲೆ ಇಲ್ಲಿಗೆ ಬರುತ್ತಿದ್ದವು. ನೋಡಿ ಬಂದವರು ಕಡೇ ರೀಲನ್ನು ಬಾಯಿ ಚಪ್ಪರಿಸಿ ಹೇಳಿದ್ದರು: ಹಡಗು ಹೊರಡುವಾಗ ನಾಯಕ ಓಡಿ ಬಂದು, ನೆರೆದ ಜನರ ಮುಂದೆ "ನನ್ನ ಲಗ್ನ ಆಗತೀಯೇನು" ಅಂತಾನ, ಆಕಿ "ಹೂಂ" ಅಂತಾಳ, ಜನ ಟೊಪಗಿ ತೂರತಾರ.

ನರಸಿಂಹ ಒಂದು ಹುನ್ನಾರ ಹೂಡಿದ. ಆ ಮಾತು ಬಂದಾಗ ಭೋಂಗಾವನ್ನು ಮೆಲ್ಲಗೆ ಜಮಖಾನದ ಆಚೆಗೆ ತಿರುಗಿಸುವುದು. ಮಾತು ನಾಯಕನದು, ದನಿ ನಾಯಕನದು, ಊರಿಗೆ ಏನೂ ಗೊತ್ತಾಗುವುದಿಲ್ಲ. ಆಕೆಗೆ ತಿಳಿದರೆ ತಿಳಿಯಿತು. ತಿಳಿದೂ ಒಪ್ಪದಿದ್ದರೆ, ನಾ ಎಲ್ಲಿ ಕೇಳಿದ್ದೆ, ಕೇಳಿದಂವ ನಾಯಕ. ಕೈ ಸುಡದೆ ರೊಟ್ಟಿ ತಿರುವಿಹಾಕುವ ಈ ಉಪಾಯವನ್ನು ಅವನು ತಾನೇ ಒಮ್ಮೆ ಮೆಚ್ಚಿಕೊಂಡ. ಗಂಟಲು ಮಾತ್ರ ಮೆಚ್ಚಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ತಂಬು ತುಂಬಿತು. ಹೆಂಗಸರ ಬಾಗಿಲ ಹತ್ತಿರ ಬಿಳಿ ಸೀರೆ ಕಂಡಿತು. ಜೊತೆಗೆ ಕರಿ ಟೊಪಗಿಯ ಒಬ್ಬ ಗಂಡಸು. ದೇವಪ್ಪ ಅವನನ್ನು ಕುರ್ಚಿ ಸಾಲಿಗೆ ಕರೆದು ತಂದು ಕೂಡಿಸಿದ.

"ಯಾರ್ರಿ ಅವರು?" ಎಂದು ನರಸಿಂಹ ಕೇಳಿದ.

"ನರ್ಸಬಾಯಾರ ಮೈದುನ ಗುರುರಾಜರು. ಮುಂಜಾನೆ ಸಾಮಾನ ಹೇರಿಸಾಕ ಇವತ್ತ ಬಂದಾರಂತ. ನರಗುಂದದಾಗ ವಕೀಲರ ಕಡೆ ಕಾರಕೂನರು. ಭಾಳ ಚೂಟಿ ಅಂತ ಮಾಸ್ತರ, ನೀವು ಒಂದು ಡೈಲಾಗ ಬಿಟ್ಟರೂ ಹಿಡೀತಾರ."

ನರಸಿಂಹನ ಕಿವಿ ಗುಂಯ್ ಎಂದಿತು. ಹೊರಗೆ ಕರೆಂಟಿನ ಎಂಜಿನ್ನು ಶುರುವಾದದ್ದೋ ತನ್ನದೇ ತಲೆಯೋ ತಿಳಿಯುವ ಮೊದಲೇ ದೀಪ ಆರಿತು.

ಹೊಸ ಪಿಕ್ಚರು ಬಲು ಚೆಲುವಾಗಿತ್ತು. ಗುಂಗುರು ಕೂದಲಿನ ಹುಡುಗ, ಬಂದರಿನಲ್ಲಿ ಕೆಲಸ. ನಾಟ್ಯ ಮಾಡುವ ಹುಡುಗಿ, ಹಿಂದಿಲ್ಲ ಮುಂದಿಲ್ಲ. ಇಬ್ಬರೂ ದಿನಾ ಸಮುದ್ರದ ಮೆಟ್ಟಿಲಿನ ಎರಡು ತುದಿಗೆ ಬಂದು ಕೂಡುತ್ತಾರೆ. ಎರಡನೇ ರೀಲಿಗೇ ನರಸಿಂಹನಿಗೆ ಎಲ್ಲೋ ನೋಡಿದ ಮುಖವೆನ್ನಿಸಿತು. ಮೂರನೆಯದಕ್ಕೆ ಹುಡುಗಿ ಹಳೇ ಚಿತ್ರದ ಮಾಸ್ತರಣಿಯಂತೆಯೇ ತನ್ನ ಊಟದ ಡಬ್ಬಿ ತೆಗೆದು ನಡುವೆ ಇಟ್ಟಾಗ ಸಂಶಯ ಉಳಿಯಲಿಲ್ಲ. ಇದು ಸ್ಟೇಶನ್ ಪಿಕ್ಚರು. ಬೆಂಚು ಹೋಗಿ ಮೆಟ್ಟಿಲು ಬಂದಿದೆ, ಗಾಡಿ ಹೋಗಿ ಹಡಗು ಬಂದಿದೆ. ಹಳೆಯವರು ಮಾತು ತೋಚದಾದಾಗ ಕೆಮ್ಮುತ್ತಿದ್ದರು, ಹೊಸಬರು ಹಾಡುತ್ತಾರೆ, ಅಷ್ಟೇ ಫರಕು. ಒಂಟಿತನ ಹರೆಯದವರಿಗೆ ಉಡಿಸಿದರೆ ಚೆಂದ ಕಾಣುತ್ತದೆಂದು ಯಾರೋ ಜಾಣ ಹಳೆಯ ಕೋಟನ್ನು ಒಡೆದು ಹೊಸ ಅಳತೆಗೆ ಹೊಲಿಸಿದ್ದ.

ರೀಲು ಬದಲಿಸುವ ಬಿಡುವಿನಲ್ಲಿ ಅವನು ದೇವಪ್ಪನಿಗೆ ಹೇಳಿದ. "ದೇವಪ್ಪ, ಇದು ಹಳೇದ ಅದನೋ. ಸುಣ್ಣಾ ಬಡದಾರ."

"ಹಳೇದರ ಆಗಲಿ ಹೊಸಾದರ ಆಗಲಿ ಮಾಸ್ತರ, ಮಂದಿ ಅಳಬೇಕು, ಕಡೀಕ ನಗಬೇಕು. ಹಳೇದರಾಗ ಕಡೀಕ ನಗಲಿಲ್ಲ, ಎರಡನೇ ವಾರ ಮಂದೀನ ಬರಲಿಲ್ಲ. ಹೊಸಾದರಾಗ ಕೂಡತಾರಲ್ಲ, ಅದು ಸುಧಾರಣಿ."

ಹೌದು, ಕೂಡುತ್ತಾರೆ, ಕೇಳುತ್ತಾನೆ, ಎಂದು ನರಸಿಂಹ ಮನಸ್ಸಿನಲ್ಲೇ ಎಣಿಸಿಕೊಂಡ. ಅದರ ಮೇಲೇ ನನ್ನ ಭಾರ. ಜಮಖಾನದ ಆಚೆ ಚನ್ನವ್ವ ಚುರುಮುರಿ ತಿನ್ನುತ್ತ ದೊಡ್ಡ ದನಿಯಲ್ಲಿ ಏನೋ ಹೇಳುತ್ತಿದ್ದಳು. ಕುರ್ಚಿಯ ಮೇಲೆ ಗುರುರಾಜ ಟೊಪಗಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೋರ್ಟಿನಲ್ಲಿ ಸಾಕ್ಷಿಯನ್ನು ನೋಡಿದಂತೆ ನರಸಿಂಹನನ್ನೇ ನೋಡುತ್ತಿದ್ದ.

ಕಡೇ ರೀಲಿನ ಬಿಡುವು ಉದ್ದವಾಯಿತು. ಮಷೀನು ನಡೆಸುವ ಪರಶಪ್ಪ ಬೆವರೊರೆಸಿಕೊಳ್ಳುತ್ತ ಕತ್ತಲೆಯಲ್ಲಿ ಬಗ್ಗಿಕೊಂಡು ಬಂದ.

"ಮಾಸ್ತರ, ರೋಣದಾಗ ಘೋಟಾಳಿ ಮಾಡ್ಯಾರ. ಡಬ್ಬಿ ಮ್ಯಾಲ ಹೊಸಾ ಪಿಕ್ಚರಿನ ಚೀಟಿ ಐತಿ, ಒಳಗ ಸ್ಟೇಶನ್ ಪಿಕ್ಚರಿನ ಕಡೇ ರೀಲ ಐತಿ. ಅವರ ಹಂತ್ಯಾಕ ಎರಡೂ ಇದ್ದುವು. ಬೆಳಕಿಗೆ ಹಿಡದ ನೋಡಿ, ಹೆಣ್ಣ ಕುಂತೈತಿ, ಸಾಮಾನ ಐತಿ, ಇದ ಇರಬೇಕಂತ ತುಂಬಿ ಕಳಿಸಿಬಿಟ್ಟಾರ."

ನರಸಿಂಹ ಪೆಟ್ಟಿಗೆಯ ಮೇಲಿಂದಲೇ ಬಗ್ಗಿದ. "ಬ್ಯಾಡ. ದೀಪ ಹಚ್ಚು. ರೀಲ ಬಂದಿಲ್ಲಂತ ಹೇಳೋಣು."

ದೇವಪ್ಪ ಅವನ ತೋಳು ಹಿಡಿದ. "ಹೋದ ಸಲ ರೀಲ ಬಂದಿಲ್ಲಂತ ಹೇಳಿದಾಗ ತಂಬಿನ ಹಗ್ಗಾ ಕೊಯ್ದಾರ್ರಿ, ಮರತೀರೇನು? ಇದನ್ನ ಹಾಕೂಣು. ಕಥಿ ಒಂದ ಅಂತ ನೀವ ಅಂದೀರಲ್ಲ ಈಗ? ನೀವು ಮಾತಿನ್ಯಾಗ ಮುಚ್ಚರಿ."

"ಏನಂತ ಮುಚ್ಚಲೋ? ಮುಖಾನ ಬ್ಯಾರೆ."

"ಭಾಳ ವರ್ಷ ಕಳದುವು ಅನ್ರಿ. ಕಷ್ಟದಾಗ ಮುಖಾ ಬದಲಾಗತೈತಿ."

ದೀಪ ಮತ್ತೆ ಆರಿತು. ಪರದೆಯ ಮೇಲೆ ಗೀರು ಗೀರಾದ ಮಳೆಯಂಥ ಚಿತ್ರ, ಸ್ಟೇಶನ್ನು, ಬೆಂಚು, ನಡುವಯಸ್ಸಿನ ಹೆಂಗಸು, ಪಕ್ಕಕ್ಕೆ ಟ್ರಂಕು. ತಂಬಿನಲ್ಲಿ ಗುಜುಗುಜು ಎದ್ದಿತು.

"ಹಿಂಗ," ನರಸಿಂಹ ಭೋಂಗಾ ಎತ್ತಿದ, "ಹಿಂಗ ಭಾಳ ವರ್ಷ ಕಳದುವು."

"ಎಷ್ಟ ಸೊರಗ್ಯಾಳಪಾ ಹುಡುಗಿ," ಎಂದು ಚನ್ನವ್ವ ಲೊಚಗುಟ್ಟಿದಳು. "ಕುಣಿಯೂದು ಬಿಟ್ಟಾಳಂತ ಕಾಣತೈತಿ."

ಓಣಿಯಲ್ಲಿ ನಡೆದುಬಂದ ಬೋಳು ತಲೆಯವನನ್ನು ಕಂಡು ಗೋಣೆಪ್ಪನೂ ಒಪ್ಪಿದ. "ಹುಡುಗನ ಗುಂಗುರ ಕೂದಲಾ ಉದರಿ ಹೋಗ್ಯಾವ. ಚಿಂತೀರಿ, ಚಿಂತಿ."

ಜನ ನಂಬಿದರು. ನಂಬದೆ ಏನು? ಎರಡು ವರ್ಷದ ಹಿಂದೆ ನೋಡಿದ ಮುಖಗಳು ಹೆಚ್ಚಿನವರಿಗೆ ಮರೆತಿದ್ದವು. ಅದೇ ಕಾಯುವಿಕೆ, ಅದೇ ಸಾಮಾನು, ಅದೇ ಹೇಳದ ಮಾತು. ಇಬ್ಬರೂ ಮುದುಕರಾಗಿದ್ದರು, ಅದು ಯಾರಿಗೂ ಆಗುವಂಥದೇ. ಆದರೆ ನರಸಿಂಹ ನಂಬಿಸುತ್ತಲೇ ಲೆಕ್ಕ ಹಾಕುತ್ತಿದ್ದ. ತಾನು ಕಾದು ಕೂತ ಮಾತು ಈ ರೀಲಿನಲ್ಲಿ ಇಲ್ಲ. ಇಲ್ಲಿ ಕೇಳುವವನೇ ಇಲ್ಲ. ಯಾವ ನಾಯಕನ ಬಾಯಿ ಎರವಲು ತರುವುದು?

ಚಿತ್ರ ಕೋಣೆಗೆ ಬಂತು. ಮಂಚದ ಮೇಲೆ ಆ ಮನುಷ್ಯ. ಕೋಟು ತೊಟ್ಟಿದ್ದಾನೆ. ಬಗ್ಗಿ ಬೂಟಿನ ದಾರ ಕಟ್ಟುತ್ತಾನೆ. ನೆಟ್ಟಗೆ ಕೂಡುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ಹೊರಗೆ ಎಂಜಿನ್ನು ಡಬಡಬ ಅನ್ನುತ್ತಿತ್ತು.

"ಏನಂತಾನ್ರಿ ಮಾಸ್ತರ?" ಎಂದು ನೆಲದಿಂದ ಯಾರೋ ಕೂಗಿದರು.

"ಏನೂ ಅನವಲ್ಲ," ಎಂದ ನರಸಿಂಹ.

"ಮನಸಿನ್ಯಾಗ ಅಂತಿರತಾನಲ್ರಿ, ಅದನ್ನರ ಹೇಳ್ರಿ."

ಭೋಂಗಾದ ತಗಡು ಬೆವರಿಗೆ ಜಾರುತ್ತಿತ್ತು. ನರಸಿಂಹ ಗುಮಾಸ್ತನ ದನಿ ತೆಗೆಯಲು ನೋಡಿದ. ಎರಡು ವರ್ಷದ ಹಿಂದೆ ತೆಗೆದದ್ದು, ಎಲ್ಲಿ ಇಟ್ಟನೋ ಸಿಗಲಿಲ್ಲ. "ಅಂವ ಅಂಜ್ಲಿಕ್ಕೆ ಹತ್ತ್ಯಾನ," ಎಂದ. "ಆಕಿ ನಾಳೆ ನರಗುಂದಕ್ಕ ಹೋದ್ರ ಮುಗೀತು. ಅಲ್ಲೆ ಮನಿಯವರು ಆಕಿನ್ನ ಅಡಗಿ ಮನ್ಯಾಗ ಇಟ್ಟು ಬಾಗಲಾ ಹಾಕ್ತಾರ. ಅಂವಗ ಇದು ಗೊತ್ತದ. ಆದ್ರೂ ಕೂತಾನ."

ಕುರ್ಚಿ ಸಾಲಿನಿಂದ ಗುರುರಾಜನ ದನಿ ಬಂತು, ಸಾವಕಾಶವಾಗಿ. "ಮಾಸ್ತರ, ಈ ಪಿಕ್ಚರಿನೊಳಗ ನರಗುಂದ ಎಲ್ಲಿಂದ ಬಂತ್ರಿ?"

ನರಸಿಂಹ ಭೋಂಗಾ ಕೆಳಗಿಳಿಸಿದ. ಆದರೆ ಗೋಣೆಪ್ಪ ತಿರುಗಿ ಕೂತು, "ನೀವು ಹೊಸಬರೇನ್ರಿ ಸಾಹೇಬರ? ನಮ್ಮ ಮಾಸ್ತರು ಹಂಗ ಹೇಳೂದು. ಹೋದ ವಾರ ನಾಯಕಿ ರೋಣದ ಸಂತ್ಯಾಗ ಕಳಕೊಂಡಿದ್ಲು. ಸುಮ್ಮ ನೋಡ್ರಿ" ಎಂದ. ಸುತ್ತ ನಾಲ್ಕಾರು ಜನ ಶ್ ಶ್ ಅಂದರು. ಗುರುರಾಜ ಸುಮ್ಮನಾದ. ಸುಮ್ಮನಾದದ್ದು ಒಪ್ಪಿದ್ದಕ್ಕೋ, ನೆನಪಿಟ್ಟುಕೊಂಡದ್ದಕ್ಕೋ, ಕತ್ತಲೆಯಲ್ಲಿ ಮುಖ ಕಾಣಲಿಲ್ಲ.

ಅಷ್ಟರಲ್ಲಿ ಜಮಖಾನದ ಆಚೆಯಿಂದ ಚನ್ನವ್ವನ ದನಿ, ತಂಬಿನ ಕಂಬಕ್ಕೆ ತಾಗಿ ಮರಳುವಷ್ಟು ದೊಡ್ಡದು: "ಮಾಸ್ತರ, ಇಲ್ಲಿ ನರ್ಸಬಾಯಾರು ಕೇಳಾಕ ಹತ್ಯಾರ. ಬೂಟ ಹಾಕ್ಕೊಂಡಾನಲ್ಲ, ಅಂವಗ ಏಳಾಕ ಏನಾಗೇತಂತ."

ಇಡೀ ತಂಬು ನಕ್ಕಿತು. ನರಸಿಂಹ ನಗಲಿಲ್ಲ. ಆಕೆ ಎರಡು ವರ್ಷದ ನಂತರ ಅದೇ ಮಾತು ಕೇಳಿದ್ದಳು, ಮತ್ತು ಈ ಸಲ ನಗೆಚಾಟಿಕೆ ಅವನ ಬಾಯಿಗೆ ಬರಲಿಲ್ಲ. ಅಥವಾ ಆಕೆ ಬರೀ ಪಿಕ್ಚರಿನವನ ಬಗ್ಗೆಯೇ ಕೇಳಿದಳೋ? ಕತ್ತಲೆ, ಜಮಖಾನ, ಚನ್ನವ್ವ, ಇಷ್ಟನ್ನು ದಾಟಿ ಬಂದ ಮಾತಿನ ಅರ್ಥ ಯಾರು ಹಿಡಿಯಬೇಕು?

"ಅಂಜಿಕಿ ಆಗೇದ," ಎಂದ. "ಕೇಳಿದ್ರ ಆಕಿ ಹೆಸರಿಗೆ ಮಂದಿ ಕೆಸರು ಒಗೀತಾರಂತ ಅಂಜ್ಯಾನ. ಅದು ಅರ್ಧಾ ಖರೇ. ಇನ್ನರ್ಧಾ, ಆಕಿ ಒಲ್ಲೆ ಅಂದ್ರ ನಾಳಿಂದ ತಾ ಯಾರ ಮುಂದ ನಕಲಿ ಮಾಡಲಿ ಅಂತ."

ಗುಮಾಸ್ತ ನಕಲಿ ಮಾಡುವವನಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಪರದೆಯ ಮೇಲೆ ಗಾಡಿ ಬಂತು. ಹೆಂಗಸು ಹತ್ತಿದಳು. ಸೀಟಿ ಕೇಳಿತು. ಮಂಚದ ಮೇಲಿನವನು ತನ್ನ ಬೂಟನ್ನೇ ನೋಡುತ್ತ ಕೂತಿದ್ದ. "ಅಂವ ಬರಲಿಲ್ಲ," ಎಂದು ನರಸಿಂಹ ಹೇಳಿದ. ಬೇರೆ ಏನಾದರೂ ಹೇಳಬಹುದಿತ್ತು, ಬಂದಾನ, ಗಾಡಿಯ ಹಿಂದಿನ ಡಬ್ಬಿಯಲ್ಲಿ ಅದಾನ ಎಂದರೆ ಜನ ಅದನ್ನೂ ನಂಬುತ್ತಿದ್ದರು. ಮನಸ್ಸು ಒಪ್ಪಲಿಲ್ಲ.

ದೀಪ ಹತ್ತಿದಾಗ ಹೆಂಗಸರು ಮೂಗೊರೆಸಿಕೊಳ್ಳುತ್ತಿದ್ದರು, ಗಂಡಸರು ಗೊಣಗುತ್ತಿದ್ದರು. ನರಸಿಂಹ ಪೆಟ್ಟಿಗೆ ಇಳಿದು ಜನರೊಳಗೆ ನುಗ್ಗಿದ. ಬಿಳಿ ಸೀರೆ ಹೆಂಗಸರ ಬಾಗಿಲು ದಾಟಿತ್ತು. ಇವತ್ತು ಆಕೆ ಪೆಟ್ಟಿಗೆಯ ಹತ್ತಿರ ನಿಲ್ಲಲಿಲ್ಲ. ಗುರುರಾಜ ಬ್ಯಾಟರಿ ಹಿಡಿದು ಮುಂದೆ ನಡೆದಿದ್ದ, ಆಕೆ ಅವನ ಹಿಂದೆ. ನರಸಿಂಹ ಅಲ್ಲಿಗೆ ತಲುಪುವಷ್ಟರಲ್ಲಿ ಗೋಣೆಪ್ಪ ಕೈ ಹಿಡಿದು ನಿಲ್ಲಿಸಿದ. "ಒಂದ ಕೇಳತೀನಿ ಮಾಸ್ತರ, ಅಂವ ಖರೇನ ಬರಲಿಲ್ಲೇನು? ರೋಣದವರು ಬಂದಾನಂತಾರ."

"ನಮ್ಮ ಕಡೆ ಇನ್ನೂ ಬಂದಿಲ್ಲ," ಎಂದು ನರಸಿಂಹ ಕೈ ಬಿಡಿಸಿಕೊಂಡ. ಬ್ಯಾಟರಿಯ ಬೆಳಕು ಓಣಿ ತಿರುಗಿ ಹೋಯಿತು.

ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆಯ ವಾಸನೆ, ಬಸ್ಸಿನ ಹೊಗೆ. ಟಪ್ಪಿನ ಮೇಲೆ ಸೀರೆಯ ಗಂಟುಗಳು, ಕೋಳಿ ಪಂಜರ. ನರಸಿಂಹ ಬಂದು ನಿಂತಾಗ ತಲೆ ಬಾಚಿರಲಿಲ್ಲ. ದಾರಿಯಲ್ಲಿ ಅವನು ಆ ಮಾತನ್ನು ಹಲವು ದನಿಯಲ್ಲಿ ಆಡಿ ನೋಡಿದ್ದ, ಗಡಸು, ಮೆದು, ಗಂಭೀರ. ಎಲ್ಲವೂ ಇನ್ನೊಬ್ಬರವಾಗಿ ಕೇಳಿಸಿದ್ದವು.

ಶಾರದಾಬಾಯಿ ಕಿಟಕಿಯ ಪಕ್ಕ ಕೂತಿದ್ದಳು. ಹಿಂದಿನ ಸೀಟಿನಲ್ಲಿ ರೋಣಕ್ಕೆ ಸೀರೆ ಮಾರಲು ಹೊರಟ ಚನ್ನವ್ವ. ಗುರುರಾಜ ಕೆಳಗೆ ನಿಂತು ಟ್ರಂಕನ್ನು ಮೇಲೆ ಕಟ್ಟಿಸುತ್ತಿದ್ದ. ನರಸಿಂಹನನ್ನು ಕಂಡು, "ಏನ್ರಿ ಮಾಸ್ತರ, ರೋಣಕ್ಕ ರೀಲು ತರ್ಲಿಕ್ಕೆ ಹೊಂಟ್ರೇನು?" ಎಂದ. ಅಂದರೆ ರೀಲು ಬದಲಾದದ್ದು ಅವನಿಗೆ ರಾತ್ರಿಯೇ ಗೊತ್ತಾಗಿತ್ತು. ಎಷ್ಟು ಗೊತ್ತಾಗಿತ್ತೋ.

ನರಸಿಂಹ ಅವನನ್ನು ದಾಟಿ ಕಿಟಕಿಯ ಹತ್ತಿರ ಹೋದ. "ಶಾರದಾಬಾಯಿಯವರ," ಎಂದ. ಆಕೆ ನೋಡಿದಳು. "ನನ್ನ ಲಗ್ನ ಆಗ್ತೀರೇನ್ರಿ?"

ದನಿ ತೆಳ್ಳಗೆ, ನಡುವೆ ಒಡೆದು ಬಂತು. ಕಂಡಕ್ಟರ್ ಪಕಪಕ ನಕ್ಕ.

"ಇದು ಯಾವ ಪಿಕ್ಚರಿಂದ್ರಿ ಮಾಸ್ತರ?"

ಚನ್ನವ್ವ ಗಂಭೀರವಾಗಿ ಕಿವಿಗೊಟ್ಟಳು. "ಯಾರ ದನಿ ತಗದೀರಿ? ಹೆಡ್ ಮಾಸ್ತರಂದಲ್ಲ. ಮಾಮ್ಲೇದಾರರದೂ ಅಲ್ಲ. ಇನ್ನೊಮ್ಮೆ ಅನ್ರಿ ನೋಡೂಣು."

ನರಸಿಂಹನಿಗೆ ನೆಲ ಬಿರಿದರೆ ಸಾಕೆನ್ನಿಸಿತು. ಇಷ್ಟು ವರ್ಷ ಎಲ್ಲರ ದನಿ ಮಾರಿ ಬದುಕಿದವನಿಗೆ ಈಗ ತನ್ನ ಮಾತು ಸ್ವಂತದ್ದೆಂದು ನಂಬಿಸಲು ಸಾಕ್ಷಿ ಇರಲಿಲ್ಲ. ಗುರುರಾಜ ನಗಲಿಲ್ಲ. "ವೈನಿ, ಕಿಟಕಿ ಹಾಕ್ರಿ," ಎಂದ. "ಮಾಸ್ತರಿಗೆ ನಿನ್ನಿ ಪಿಕ್ಚರು ಇನ್ನೂ ಮುಗದಿಲ್ಲ."

"ತಡಿ ಗುರುರಾಜ," ಎಂದಳು ಶಾರದಾಬಾಯಿ. "ನಗಬ್ಯಾಡ್ರಿ ಚನ್ನವ್ವ. ಇವರು ಯಾರ ನಕಲೀನೂ ಮಾಡವಲ್ರು." ಆಮೇಲೆ ನರಸಿಂಹನ ಕಡೆ ತಿರುಗಿ, ದವಾಖಾನೆಯಲ್ಲಿ ಜ್ವರ ಎಂದಿನಿಂದ ಎಂದು ಕೇಳುವ ರೀತಿಯಲ್ಲಿ, "ನಾ ಕೆಲಸ ಬಿಡಂಗಿಲ್ಲ" ಎಂದಳು.

"ಬಿಡಬ್ಯಾಡ್ರಿ."

"ಹೊತ್ತಲ್ಲದ ಹೊತ್ತಿಗೆ ಹೆರಿಗಿಗೆ ಕರೀತಾರ. ಹೋಗ್ತೀನಿ."

"ಹೋಗ್ರಿ."

"ನಿಮ್ಮ ಮಂದಿ ನಿಮ್ಮನ್ನ ಪಂಕ್ತಿಯಿಂದ ಎಬ್ಬಸ್ತಾರ."

"ನಾ ಉಣ್ಣೋದು ಖಾನಾವಳಿಯೊಳಗ್ರಿ. ಅಲ್ಲೆ ಯಾರೂ ಎಬ್ಬಸೋದಿಲ್ಲ."

ಆಕೆಯ ತುಟಿ ಅಲುಗಿತು, ನಗೆಯಾಗುವ ಮೊದಲೇ ನಿಂತಿತು. ಗುರುರಾಜ ಗಟ್ಟಿಯಾಗಿ, "ವೈನಿ, ಅವ್ವ ಕೋಣಿ ಸಾರಿಸಿ ಕಾಯ್ಲಿಕ್ಕತ್ತಾಳ. ಓಣಿಯವರಿಗೆಲ್ಲ ಹೇಳೇದ. ನಾ ಏನಂತ ಮಾರಿ ತೋರಸಲಿ?" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ನರಸಿಂಹನಿಗೆ ಆ ಗಾಬರಿ ಚೆನ್ನಾಗಿ ಗುರುತಿತ್ತು.

ಶಾರದಾಬಾಯಿ ಕಿಟಕಿಯಿಂದ ತಲೆ ಹೊರಹಾಕಿ ಟಪ್ಪಿನ ಮೇಲಿದ್ದ ಹಮಾಲನನ್ನು ಕೂಗಿದಳು. "ಏನಪಾ, ಆ ಕರೀ ಟ್ರಂಕು ನರಗುಂದದಾಗ ಸ್ಟ್ಯಾಂಡಿನ್ಯಾಗ ಇಳಿಸೂದಲ್ಲ. ಮುಂದ ದವಾಖಾನಿ ಹತ್ರ ನರ್ಸಿಗೆ ಸರಕಾರದವರು ಕೊಟ್ಟ ಕೋಲಿ ಅದ, ಅಲ್ಲೆ ಇಳಸ್ಲಿಕ್ಕೆ ಕಂಡಕ್ಟರಿಗೆ ಹೇಳು."

"ಸ್ಟ್ಯಾಂಡಿಗೆ, ಅಲ್ಲಿಂದ ಮನಿಗೆ ಅಂತ ಸಾಹೇಬರು ಅಂದಿದ್ರಲ್ರಿ?"

"ಟ್ರಂಕು ನಂದು."

ಕಂಡಕ್ಟರ್ ಈಗ ನಗುತ್ತಿರಲಿಲ್ಲ. ಗುರುರಾಜ ಟೊಪಗಿ ಸರಿಮಾಡಿಕೊಂಡು, ಯಾರನ್ನೂ ನೋಡದೆ, ಬಸ್ಸು ಹತ್ತಿ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದೆ ಸರಿದು, ತಿರುಗಿ, ಮುಂದೆ ಜರುಗಿತು.

ನರಸಿಂಹ ಅಲ್ಲೇ ನಿಂತಿದ್ದ. ಆಕೆ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಎಣಿಸಿ ನೋಡಿದ, ಕೆಲಸ, ಹೆರಿಗೆ, ಪಂಕ್ತಿ, ಟ್ರಂಕು. ಕೇಳಿದ್ದಕ್ಕೆ ಉತ್ತರ ಅದರಲ್ಲಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಬಸ್ಸಿನ ಪಕ್ಕಕ್ಕೆ ಓಡತೊಡಗಿದ. ಒಂದು ಚಪ್ಪಲಿ ಹಿಂದೆ ಉಳಿಯಿತು.

"ಶಾರದಾಬಾಯಿಯವರ, ಹೂಂ ಅಂದ್ರೇನ್ರಿ? ಹೂಂ ಅಂದ್ರೋ ಇಲ್ಲೋ?"

ಆಕೆ ಹಿಂದಿರುಗಿ ನೋಡಿದಳು. ಸೆರಗು ಗಾಳಿಗೆ ಹಾರುತ್ತಿತ್ತು. "ಟ್ರಂಕು ಎಲ್ಲೆ ಇಳಸು ಅಂದೆ, ಕೇಳಲಿಲ್ಲೇನು?" ಎಂದಳು. "ಐತವಾರ ಅಲ್ಲಿಗೇ ಬರ್ರಿ. ಈಗ ಸಾಲಿಗೆ ನಡೀರಿ."

ಚನ್ನವ್ವ ಹಿಂದಿನ ಕಿಟಕಿಯಿಂದ ಕತ್ತು ಚಾಚಿ, ಊರಿಗೆಲ್ಲ ಕೇಳುವಂತೆ ಆಕೆಯ ಮಾತನ್ನು ಇನ್ನೊಮ್ಮೆ ಕೂಗಿ ಹೇಳಿದಳು.